ಮೊದಲ ತುತ್ತು ನನ್ನದು

ಹೋದ ದಸರಾ ರಜೆಯಲ್ಲಿ ನೀವಿಬ್ಬರೂ ನನ್ನನ್ನು ಒಂದು ಮಾತು ಕೇಳಿದಿರಿ. ನಿಮ್ಮಪ್ಪನ ತಟ್ಟೆಗೆ ಸಾರು ಬಡಿಸುವ ಮೊದಲು ಅಜ್ಜಿ ಸೌಟಿನಿಂದ ಒಂದಿಷ್ಟು ಅಂಗೈಗೆ ಸುರಿದುಕೊಂಡು ಕುಡಿಯುತ್ತಾಳಲ್ಲ, ಬೇರೆ ಯಾರಿಗೆ ಬಡಿಸುವಾಗಲೂ ಹಾಗೆ ಮಾಡುವುದಿಲ್ಲವಲ್ಲ, ಯಾಕೆ ಅಂತ. ಎದುರಿಗೆ ಕೂತವರಿಗೆ ಉತ್ತರ ಹೇಳುವುದು ಚಿಕ್ಕಂದಿನಿಂದಲೂ ನನಗೆ ಆಗದ ಕೆಲಸ. ನಿಮ್ಮಪ್ಪನೇ ತಲೆ ಎತ್ತಿ, "ಬರ್ದು ಕೊಡವ್ವ. ಬಾಯಾಗೆ ಹೇಳಾಕೆ ನಿನಗೆ ಆಗಲ್ಲ, ನನಗೂ ಆಗಲ್ಲ. ಇದ್ದಂಗೆ ಬರಿ" ಎಂದ. ಅವನ ಒಪ್ಪಿಗೆ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಇದು ನಡೆದಾಗ ನಿಮ್ಮಲ್ಲಿ ದೊಡ್ಡವಳು ಅಂಗನವಾಡಿಗೆ ಹೋಗುತ್ತಿದ್ದಳು. ಚಿಕ್ಕವನು ಇನ್ನೂ ಎದೆಹಾಲು ಕುಡಿಯುವ ಕೂಸು. ನಿಮ್ಮ ತಾತ ತೀರಿಕೊಂಡು ಆರು ವರ್ಷವಾಗಿತ್ತು. ನಾನು ತೊಗರ್ಸಿ ಹತ್ತಿರದ ನಮ್ಮೂರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದೆ. ಆ ದಿನಗಳನ್ನು ನೆನೆದರೆ ಎಲ್ಲವೂ ಅನ್ನದ ಡಬರಿಯ ಹಬೆಯ ಆಚೆ ನಡೆದಂತೆ ಕಾಣುತ್ತದೆ. ಜನ ಕಾಣುತ್ತಾರೆ, ಮಾತು ಕೇಳಿಸುತ್ತದೆ, ಮುಖ ಮಾತ್ರ ಒದ್ದೆಯಾಗಿ ಕರಗಿದಂತಿರುತ್ತದೆ.

ಶಾಲೆಯ ಅಡುಗೆಮನೆಯಲ್ಲಿ ಒಂದು ನಿಯಮ ಇತ್ತು. ಮಕ್ಕಳಿಗೆ ಬಡಿಸುವ ಅರ್ಧ ಗಂಟೆ ಮೊದಲು ಅಡುಗೆಯವಳು ಒಂದು ತುತ್ತು ಉಣ್ಣಬೇಕು, ಮೇಷ್ಟ್ರು ಒಬ್ಬರು ಒಂದು ತುತ್ತು ಉಣ್ಣಬೇಕು. ಅರ್ಧ ಗಂಟೆ ಕಾಯಬೇಕು. ನಮಗೆ ಏನೂ ಆಗದಿದ್ದರೆ ರುಚಿ ಪುಸ್ತಕದಲ್ಲಿ ದಿನಾಂಕ, ಅಡುಗೆ, ವೇಳೆ ಬರೆದು ಇಬ್ಬರೂ ಸಹಿ ಮಾಡಬೇಕು. ಆಮೇಲೆಯೇ ಗಂಟೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಜೀವನದಲ್ಲಿ ಹೆಚ್ಚು ಬರೆದದ್ದು ಆ ಪುಸ್ತಕದಲ್ಲೇ. "ಅನ್ನ, ಸಾಂಬಾರು. ಚೆನ್ನಾಗಿದೆ." ಕೆಳಗೆ ನನ್ನ ಹೆಸರು. ಆ ಅರ್ಧ ಗಂಟೆ ನನಗೆ ಇಷ್ಟ. ಪಾತ್ರೆ ಮುಚ್ಚಿ, ಗೋಡೆಗೆ ಒರಗಿ ಕೂರುತ್ತಿದ್ದೆ. ಮಗ್ಗಿ ಹೇಳುವ ಮಕ್ಕಳ ದನಿ ದೂರದಿಂದ ಬಂದು ಹೋಗುತ್ತಿತ್ತು. ನನ್ನ ಹೊಟ್ಟೆಯಲ್ಲಿ ಅರವತ್ತು ಮಕ್ಕಳ ಊಟ ಮೊದಲೇ ಹೋಗಿ ಕೂತಿದೆ ಅನ್ನಿಸುತ್ತಿತ್ತು.

ನಿಮ್ಮಪ್ಪ ಆಗ ಶಿಕಾರಿಪುರದಲ್ಲಿ ಒಬ್ಬ ಸಾಬರ ಅಂಗಡಿಯಲ್ಲಿ ಪಂಪ್‌ಸೆಟ್ ಮೋಟರ್ ಸುತ್ತುತ್ತಿದ್ದ. ಸುಟ್ಟ ತಂತಿ ತೆಗೆದು ಹೊಸ ತಾಮ್ರದ ತಂತಿಯನ್ನು ಎಣಿಸಿ ಎಣಿಸಿ ಸುತ್ತುವ ಕೆಲಸ. ಕುಡಿತ ಮೊದಲು ಸಂಜೆಗೆ ಇತ್ತು, ಆಮೇಲೆ ಮಧ್ಯಾಹ್ನಕ್ಕೆ ಬಂತು, ಕೊನೆಗೆ ಬೆಳಿಗ್ಗೆ ಕೈ ನಡುಗುವುದು ನಿಲ್ಲಬೇಕಾದರೆ ಅದೇ ಬೇಕು ಅನ್ನುವಂತಾಯಿತು. ಸುತ್ತು ತಪ್ಪತೊಡಗಿತು. ಸಾಬರು ಒಳ್ಳೆಯವರು. "ಅಮ್ಮ, ಇವನ ಕೈಯಂಥ ಕೈ ಈ ಪ್ಯಾಟಿಯಾಗೆ ಇನ್ನೊಂದಿಲ್ಲ. ಸರಿ ಆಗಿ ಬರ್ಲಿ, ಜಾಗ ಹಂಗೇ ಇರ್ತೈತಿ" ಎಂದು ಮನೆಗೆ ಕಳಿಸಿದರು.

ಚಂದ್ರಗುತ್ತಿಗೆ ಕರೆದುಕೊಂಡು ಹೋಗಿ ದೇವಿಯ ಮುಂದೆ ಆಣೆ ಮಾಡಿಸಿದೆವು. ಹನ್ನೊಂದು ದಿನ ನಡೆಯಿತು. ಹನ್ನೆರಡನೆಯ ದಿನ ಮತ್ತೆ ಕುಡಿದು, ಆಣೆ ಮುರಿದ ಹೆದರಿಕೆಗೆ ಇನ್ನಷ್ಟು ಕುಡಿದ.

ಆ ಹೊತ್ತಿಗೆ ತವರಿನ ಕಡೆಯ ಒಂದು ಮದುವೆಗೆಂದು ಸೊರಬಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಪಕ್ಕ ದೊಡ್ಡ ಕೊಡೆಯ ಕೆಳಗೆ ಒಬ್ಬಾತ ಸೀಸೆ, ಬೇರು, ಪೊಟ್ಟಣ ಹರಡಿಕೊಂಡು ಕೂತಿದ್ದ. ಕುಡಿತ ಬಿಡಿಸುವ ಪುಡಿ ಎಂದು ರಟ್ಟಿನ ಮೇಲೆ ಬರೆದಿತ್ತು. ಎರಡು ಬಸ್ಸು ಬಿಟ್ಟು ನಿಂತಿದ್ದೆ, ಕೇಳಲು ನಾಚಿಕೆ. ಕೊನೆಗೆ ಅವನೇ ಕರೆದ.

"ಮಗನಿಗಾ ಅಮ್ಮ? ಸಾರಿಗೆ ಹಾಕಿ ಕೊಡಿ. ಅವರಿಗೆ ಗೊತ್ತಾಗಬಾರ್ದು ಅಷ್ಟೇ. ಗೊತ್ತಾದ್ರೆ ಪುಡಿ ಕೆಲ್ಸ ಮಾಡದಿಲ್ಲ."

"ಉಂಡು ನೋಡಬಹುದಾ?" ಎಂದು ಕೇಳಿದೆ. ನನ್ನ ಕೆಲಸವೇ ಅದಲ್ಲವೇ.

"ಮನೇರು ಯಾರೂ ಬಾಯಿಗೆ ಹಾಕ್ಬಾರ್ದು ಮಾರಾಯ್ತಿ. ಶಕ್ತಿ ಹೋಗ್ತದೆ."

ನಾನು ನಂಬಿದೆ. ಶಾಲೆಯ ಮಕ್ಕಳಿಗೆ ರುಚಿ ನೋಡದೆ ಒಂದು ಅಗುಳು ಬಡಿಸದವಳು, ಹೆತ್ತ ಮಗನಿಗೆ ನೋಡದೆ ಬಡಿಸಿದೆ. ನನ್ನ ತಪ್ಪು ಇದು. ಇದನ್ನು ಬರೆಯದೆ ಮುಂದಿನದನ್ನು ಬರೆದರೆ ಸುಳ್ಳಾಗುತ್ತದೆ.

ಹುರುಳಿ ಕಟ್ಟಿನ ಸಾರಿಗೆ ಎಂಥ ಕಹಿಯನ್ನಾದರೂ ಮುಚ್ಚುವ ಗುಣವಿದೆ. ಅವನ ಬಟ್ಟಲಿಗೆ ಮಾತ್ರ ಪುಡಿ ಹಾಕಿ ಕದಡಿದೆ. ಮೊದಲ ದಿನ ಅವನ ಮುಖ ಸ್ವಲ್ಪ ಕೆಂಪಾಯಿತು. ಎರಡನೆಯ ದಿನ ವಾಂತಿ. ಪುಡಿ ಹಿಡಿಯುತ್ತಿದೆ ಎಂದುಕೊಂಡೆ. ಮೂರನೆಯ ದಿನ ಉಂಡು ಹೊರಗೆ ಹೋಗಿ, ಕುಡಿದು ಬಂದವನು ಹಿತ್ತಿಲ ಕಟ್ಟೆಯ ಮೇಲೆ ಕುಸಿದ. ಮುಖ ಬೆಂದ ಬೀಟ್‌ರೂಟಿನಂತೆ ಕೆಂಪು. ಎದೆ ಹೊಡೆದುಕೊಳ್ಳುವುದು ಅಂಗಿಯ ಮೇಲೇ ಕಾಣುತ್ತಿತ್ತು. ಉಸಿರಿಗೆ ಒದ್ದಾಡುತ್ತಿದ್ದ.

ನಿಮ್ಮಮ್ಮ, ನಿಮ್ಮ ಸೋದರಮಾವ, ನಾನು ಸೇರಿ ಅವನನ್ನು ಶಿಕಾರಿಪುರದ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಕೇಳಿದರು, ಏನು ತಿಂದಿದ್ದ, ಏನು ಕುಡಿದಿದ್ದ? ನಿಮ್ಮ ಮಾವ, "ಯಾವುದೋ ಕಳ್ಳಬಟ್ಟಿ ಇರ್ಬೇಕು ಸಾರ್" ಎಂದ. ಎಲ್ಲರೂ ಹೌದು ಹೌದು ಎಂದರು. ಪೊಟ್ಟಣ ನನ್ನ ಸೊಂಟದಲ್ಲೇ ಇತ್ತು. ಗೋಡೆಯ ಮೇಲಿನ ಗಡಿಯಾರದ ಸದ್ದು ಕೇಳುತ್ತಾ ನಿಂತೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಡಾಕ್ಟರಿಗೆ ಗೊತ್ತಾಗದಿದ್ದರೆ ಮಗ ಉಳಿಯುವುದಿಲ್ಲ. ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟೆ.

"ಇದನ್ನ ನಾನು ಸಾರಿಗೆ ಹಾಕೀನಿ" ಎಂದೆ.

ಮಂಚದ ಮೇಲಿನಿಂದ ನಿಮ್ಮಪ್ಪ ತಲೆ ಹೊರಳಿಸಿ ನೋಡಿದ. "ಅವ್ವ, ನೀನಾ?" ಎಂದ. ಅಷ್ಟೇ.

ಅವನು ಉಳಿದುಕೊಂಡ. ಮಂಗಳವಾರ ಆ ಆಸ್ಪತ್ರೆಗೆ ಮನೋವೈದ್ಯರೊಬ್ಬರು ಬರುತ್ತಿದ್ದರು, ಹೆಂಗಸು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ಅಮ್ಮ, ಆ ಪುಡಿ ಬೇರಲ್ಲ, ಇಂಗ್ಲಿಷ್ ಮಾತ್ರೆ ಕುಟ್ಟಿದ್ದು ಅಂತ ಕಾಣ್ತದೆ. ಅದನ್ನ ನಾವೂ ಕೊಡ್ತೀವ್ರೀ. ಆದರೆ ಅವರೇ ಒಪ್ಪಿ, ಗೊತ್ತಿದ್ದು ನುಂಗಬೇಕು. ಗೊತ್ತಿಲ್ಲದವರು ಅದರ ಮೇಲೆ ಕುಡಿದರೆ ಜೀವ ಹೋಗಬಹುದು" ಎಂದರು. ನಿಮ್ಮಪ್ಪನಿಗೆ ಕುಡಿತ ಬಿಡಿಸುವ ಚಿಕಿತ್ಸಾ ಕೇಂದ್ರಕ್ಕೆ ದಾಖಲಾಗಲು ಹೇಳಿದರು. ಅವನು ಒಪ್ಪಲಿಲ್ಲ.

"ಎಳ್ಕೊಂಡು ಹೋಗಿ ಹಾಕಿಬಿಡಿ ಮೇಡಂ" ಎಂದ ನಿಮ್ಮ ಮಾವ.

"ಹಂಗೆ ಆಗಲ್ಲ. ಕಾನೂನಿದೆ" ಎಂದರು ಡಾಕ್ಟರಮ್ಮ. ಅವರು ಹೇಳಿದ್ದನ್ನು ನಾನು ಪಾಠದಂತೆ ನೆನಪಿಟ್ಟುಕೊಂಡೆ. ಕುಡಿಯುತ್ತಾನೆ ಅನ್ನುವುದೊಂದೇ ಕಾರಣಕ್ಕೆ ಯಾರನ್ನೂ ಒಯ್ದು ಕೂಡಿಹಾಕುವಂತಿಲ್ಲ. ಅವನಿಂದ ಅವನ ಜೀವಕ್ಕೇ ಅಪಾಯ ಬಂದು, ಸರಿತಪ್ಪು ತೂಗುವ ಶಕ್ತಿ ಇಲ್ಲದಿದ್ದರೆ, ಇಬ್ಬರು ಡಾಕ್ಟರು ಬೇರೆ ಬೇರೆಯಾಗಿ ನೋಡಬೇಕು. ಮನೆಯವರೊಬ್ಬರು ಅರ್ಜಿಗೆ ಸಹಿ ಮಾಡಬೇಕು. ಆಗಲೂ ಮೂವತ್ತು ದಿನ ಮಾತ್ರ. ತನ್ನನ್ನು ಇಟ್ಟುಕೊಂಡದ್ದು ತಪ್ಪು ಎಂದು ಅವನು, ಇಂಥ ದೂರು ಕೇಳಲೆಂದೇ ಸರ್ಕಾರ ಮಾಡಿದ ಮಂಡಳಿಗೆ ಬರೆಯಬಹುದು. "ಅಂಥ ದಿನ ಬಂದರೆ ತಡ ಮಾಡಬೇಡಿ. ಇನ್ನೊಂದು ಮಾತು, ಅವರು ಒಮ್ಮೆಲೇ ಕುಡಿಯೋದು ನಿಲ್ಲಿಸಿದರೆ ಖುಷಿ ಪಡಬೇಡಿ, ಭ್ರಮೆ ಹಿಡಿದು ಜೀವಕ್ಕೆ ಬರಬಹುದು, ಇಲ್ಲಿಗೆ ಕರ್ಕೊಂಡು ಬನ್ನಿ" ಎಂದರು.

ಮನೆಗೆ ಬಂದವನು ನನ್ನ ಕೈಯ ಊಟ ಮುಟ್ಟಲಿಲ್ಲ. ನಿಮ್ಮಮ್ಮ ಬಡಿಸಿದರೂ ಒಲೆಯ ಕಡೆ ನೋಡಿ ತಟ್ಟೆ ಸರಿಸುತ್ತಿದ್ದ. "ಮನೆಯ ನೀರೂ ಬ್ಯಾಡ" ಎನ್ನುತ್ತಿದ್ದ. ಅಂಗಡಿಯ ಬಾಳೆಹಣ್ಣು, ಬಿಸ್ಕೀಟು, ಉಳಿದದ್ದೆಲ್ಲ ಕುಡಿತ. ಅಂಗಿಯೊಳಗೆ ಮೈ ಇದೆಯೋ ಇಲ್ಲವೋ ಅನ್ನುವಂತಾದ.

ಒಂದು ದಿನ ಮಕ್ಕಳು ಉಂಡು ಎದ್ದ ಮೇಲೆ ಶಾಲೆಯ ಜಗಲಿಯ ತುದಿಯಲ್ಲಿ ಯಾರೋ ಕೂತಂತೆ ಕಂಡಿತು. ಬಿಸಿಲಿಗೆ ಕಣ್ಣು ಕಟ್ಟಿತ್ತು. ಆ ಜಗಲಿಯಲ್ಲಿ ಅವನು ಐದು ವರ್ಷದವನಾಗಿದ್ದಾಗ ಕೂರುತ್ತಿದ್ದ ಜಾಗ ಅದು. ಒಂದು ಗಳಿಗೆ ಆ ಮಗುವೇ ಇರಬೇಕು ಎಂದುಕೊಂಡೆ. ಹತ್ತಿರ ಹೋದರೆ ಗಡ್ಡ ಬೆಳೆದ ನಿಮ್ಮಪ್ಪ.

"ಪುಸ್ತಕ ತೋರ್ಸು" ಎಂದ.

"ಯಾವ ಪುಸ್ತಕ?"

"ನೀವು ಉಂಡು ಸೈ ಮಾಡ್ತೀರಲ್ಲ, ಅದು."

ಹೆಡ್‌ಮೇಷ್ಟ್ರು ಕೇಳಿಸಿಕೊಂಡರು. ಅವರೇ ಪುಸ್ತಕ ತಂದು ಅವನ ಮುಂದಿಟ್ಟರು. ಅವನು ಬೆರಳಿಟ್ಟು ಓದಿದ. ಹೆಡ್‌ಮೇಷ್ಟ್ರ ಸಹಿ, ನನ್ನ ಸಹಿ, ವೇಳೆ. "ಅಕ್ಕ, ಡಬರಿ ತಳದಾಗೆ ಉಳಿದಿದ್ರೆ ಹಾಕ್ರಿ" ಎಂದು ಹೇಳಿ ಹೆಡ್‌ಮೇಷ್ಟ್ರು ಬೇರೆ ಕಡೆ ಮುಖ ಮಾಡಿದರು. ನಿಮ್ಮಪ್ಪ ಉಂಡ. ಆಮೇಲೆ ಹದಿನೈದು ದಿನ ಹಾಗೇ ನಡೆಯಿತು. ಮನೆಯಲ್ಲಿ ನಾನು ಮಾಡಿದ್ದು ವಿಷ, ಶಾಲೆಯಲ್ಲಿ ನಾನು ಮಾಡಿದ್ದು ಊಟ. ಅವನ ಲೆಕ್ಕ ತಪ್ಪು ಎಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ.

ಕಾರ್ತಿಕದ ಕೊನೆಯಲ್ಲಿ ಅವನು ಕುಡಿಯುವುದನ್ನು ಒಮ್ಮೆಲೇ ಬಿಟ್ಟ. ಮೂರು ದಿನ. ನಿಮ್ಮಮ್ಮ ದೇವರಿಗೆ ಎಣ್ಣೆಬತ್ತಿ ಹಚ್ಚಿದಳು. ಡಾಕ್ಟರಮ್ಮನ ಮಾತು ನನ್ನ ನೆನಪಿನಲ್ಲಿತ್ತು. ಆದರೂ ಆ ದೀಪ ನೋಡುತ್ತಾ ಅದನ್ನು ಹೇಳಲು ಬಾಯಿ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅಡುಗೆಮನೆಗೆ ಯಾರೋ ಓಡಿಬಂದು, ನಿಮ್ಮ ಮಗ ಕೆರೆಯಾಗೆ ನಿಂತಾನೆ ಎಂದರು.

ಕೆರೆ ತುಂಬಿ ಅಲುಗದೆ ಮಲಗಿತ್ತು. ತೂಬಿನ ಹತ್ತಿರ ಅವನು ಎದೆಮಟ್ಟ ನೀರಿನಲ್ಲಿ ನಿಂತಿದ್ದ. ನಿಮ್ಮ ತಾತ ನೀರುಗಂಟಿ, ಗದ್ದೆಗಳಿಗೆ ಸರದಿಯಲ್ಲಿ ಆ ತೂಬು ಎತ್ತಿ ನೀರು ಬಿಡುತ್ತಿದ್ದವರು. ನಿಮ್ಮಪ್ಪ ನೀರಿನೊಳಗೆ ನೋಡುತ್ತಾ ಮೆಲ್ಲಗೆ ಮಾತಾಡುತ್ತಿದ್ದ. "ಬಂದೆ ಅಪ್ಪ. ತಂತಿ ಕಾಲಿಗೆ ಸುತ್ಕೊಂಡೈತಿ, ಬಿಡಿಸ್ಕೊಂಡು ಬಂದೆ." ಅವನ ದನಿ ಎಷ್ಟು ಶಾಂತವಾಗಿತ್ತು ಎಂದರೆ, ಒಂದು ಗಳಿಗೆ ನಾನೂ ನೀರಿನಲ್ಲಿ ನಿಮ್ಮ ತಾತನ ಬಿಳಿ ರುಮಾಲನ್ನು ಹುಡುಕಿದೆ. ಅವನು ಇನ್ನೊಂದು ಹೆಜ್ಜೆ ಮುಂದಿಟ್ಟ. ಗದ್ದೆಯಿಂದ ಬಂದ ಇಬ್ಬರು ಇಳಿದು ಅವನನ್ನು ಎಳೆದು ತಂದರು.

ಶಾಲೆಯ ಜಗಲಿಯ ಮೇಲೆ ಕಂಬಳಿ ಹೊದಿಸಿ ಕೂರಿಸಿದೆವು. ಹೆಡ್‌ಮೇಷ್ಟ್ರು ಆಸ್ಪತ್ರೆಗೆ ಫೋನು ಮಾಡಿದರು. ಅವತ್ತು ಮಂಗಳವಾರ, ಡಾಕ್ಟರಮ್ಮ ಇದ್ದರು. ಗಾಡಿ ಕಳಿಸುತ್ತೇವೆ ಎಂದರು. ನಿಮ್ಮಪ್ಪನಿಗೆ ಅರೆ ತಿಳಿವು ಬಂದಿತ್ತು. ಗಾಡಿ ಎಂದು ಕೇಳಿದ ಕೂಡಲೇ ಏಳಲು ನೋಡಿದ.

ನಿಮ್ಮ ಮಾವ ನನ್ನನ್ನು ಅಡುಗೆಮನೆಯೊಳಗೆ ಕರೆದ. ಅವನ ಕೈಯಲ್ಲಿ ಎರಡು ಮಾತ್ರೆ. "ಅತ್ತಿ, ನಿದ್ದಿ ಮಾತ್ರಿ. ಚಾದಾಗೆ ಹಾಕಿ ಕೊಡ್ರಿ. ಮಲ್ಕೊಂತಾನೆ, ಎತ್ತಿ ಗಾಡಿಗೆ ಹಾಕ್ತೀವಿ. ಗಲಾಟಿನೇ ಇಲ್ಲ."

ಅವನು ಕೆಟ್ಟದ್ದಕ್ಕೆ ಹೇಳಲಿಲ್ಲ. ಹೊರಗೆ ಹತ್ತಾರು ಜನ ನಿಂತಿದ್ದರು, ತಂಗಿಯ ಗಂಡನ ಮಾನ ಕಾಯಲು ನೋಡುತ್ತಿದ್ದ. ಚಾ ಕುದಿಯುತ್ತಿತ್ತು. ಅದರ ಹಬೆ ಮುಖಕ್ಕೆ ಬಡಿಯಿತು.

"ಬ್ಯಾಡಪ್ಪ" ಎಂದೆ. "ನನ್ನ ಕೈಯಿಂದ ಇನ್ನೊಂದು ಸಲ ಏನೂ ಕಲಸಲ್ಲ."

"ಹಂಗಾದ್ರೆ ಅವ್ನು ಹೊಡೀತಾನೆ, ಒದೀತಾನೆ."

"ಒದೀಲಿ."

ಚಾ ಸೋಸಿ ಲೋಟಕ್ಕೆ ಹಾಕಿ ತಂದು ಅವನ ಎದುರು ಕೂತೆ. ಅಂಗೈಗೆ ಸುರಿದುಕೊಂಡು ಅವನು ನೋಡುತ್ತಿದ್ದ ಹಾಗೇ ಕುಡಿದೆ. ಅರ್ಧ ಗಂಟೆ ಕಾಯಲು ಆಗಲಿಲ್ಲ. ಸ್ವಲ್ಪ ಹೊತ್ತು ಕಾದು ಲೋಟ ಅವನ ಕೈಗೆ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ಕುಡಿದ. ಎಷ್ಟೋ ದಿನಗಳ ನಂತರ ಪುಸ್ತಕದ ಸಹಿಯಿಲ್ಲದೆ ನನ್ನ ಕೈಯ ಪದಾರ್ಥ ಅವನ ಬಾಯಿಗೆ ಹೋಯಿತು. ಆಮೇಲೆ ಹೇಳಿದೆ.

"ಇದರಾಗೆ ಏನೂ ಹಾಕಿಲ್ಲ. ಆದ್ರೆ ಗಾಡಿ ಬರ್ತೈತಿ. ನಿನ್ನ ಆಸ್ಪತ್ರಿಗೆ ಕರ್ಕೊಂಡು ಹೋಗಿ ಸೇರಿಸ್ತೀವಿ."

"ನಾ ಒಲ್ಲೆ."

"ಗೊತ್ತು. ಒಲ್ಲೆ ಅಂದ್ರೂ ಕರ್ಕೊಂಡು ಹೋಗ್ತೀವಿ. ಕಾಗದಕ್ಕೆ ಸೈ ಹಾಕಾಕಿ ನಾನು. ಯಾರೋ ಮಾಡಿದ್ರು ಅನ್ಕೋಬ್ಯಾಡ."

ನನ್ನ ಜೀವನದಲ್ಲಿ ಅಷ್ಟು ಜನರ ಮುಂದೆ ಅಷ್ಟು ಮಾತು ಆಡಿದ್ದು ಅದೇ ಮೊದಲು.

ಗಾಡಿ ಬಂತು. ಅವನು ಜಗಲಿಯ ಕಂಬ ತಬ್ಬಿಕೊಂಡ. ನಾಲ್ಕು ಜನ ಎಳೆದರೂ ಬಿಡಲಿಲ್ಲ. ಆಸ್ಪತ್ರೆಯವರು, ಎಳೀಬೇಡಿ, ತೋಳು ಉಳುಕ್ತದೆ ಎಂದರು. ನಾನು ಹತ್ತಿರ ಹೋಗಿ ಅವನ ಬೆರಳು ಬಿಡಿಸತೊಡಗಿದೆ. ಕಿರುಬೆರಳು ಮೊದಲು, ಆಮೇಲೆ ಅದರ ಪಕ್ಕದ್ದು. ಶಾಲೆಗೆ ಸೇರಿಸಿದ ಮೊದಲ ದಿನವೂ ಅವನು ಇದೇ ಕಂಬ ಹಿಡಿದಿದ್ದ, ಹೀಗೇ ಬಿಡಿಸಿದ್ದೆ. ಆಗ ಬೆರಳು ಬೆಣ್ಣೆಯಂತಿದ್ದವು. ಈಗ ತಾಮ್ರದ ತಂತಿ ಕುಯ್ದ ಗೆರೆಗಳಿದ್ದವು. ಕೊನೆಯ ಬೆರಳಿಗೆ ಬಂದಾಗ ಅವನೇ ಸೋತು, "ನಿನ್ನ ಮಗ ಸತ್ತ ಅಂತ ತಿಳ್ಕ" ಎಂದ. ನಾನು ಆ ಬೆರಳನ್ನೂ ಬಿಡಿಸಿದೆ.

ಶಿಕಾರಿಪುರದಲ್ಲಿ ಡಾಕ್ಟರಮ್ಮ ಒಂದು ಕೋಣೆಯಲ್ಲಿ ನೋಡಿದರು, ಇನ್ನೊಬ್ಬ ಡಾಕ್ಟರು ಬೇರೆಯಾಗಿ ನೋಡಿದರು. ಇಬ್ಬರೂ ಬೇರೆ ಬೇರೆ ಬರೆದರು. ಸೂಜಿ ಹಾಕಿ, ಡ್ರಿಪ್ಪು ಏರಿಸಿ ಅವನನ್ನು ಶಾಂತ ಮಾಡಿದರು. ಅರ್ಜಿ ನನ್ನ ಮುಂದೆ ಬಂತು. ನಿಮ್ಮಮ್ಮ ಕೂಸನ್ನು ಎತ್ತಿಕೊಂಡು, "ಅತ್ತಿ, ನಾನು ಹಾಕ್ಲಾ?" ಎಂದಳು. ಬೇಡ ಎಂದೆ. ಅವನ ಸಿಟ್ಟಿಗೆ ನಾನು ಮೊದಲೇ ಗುರಿಯಾದವಳು. ಅವಳಾದರೂ ಅವನಿಗೆ ಉಳಿಯಲಿ. ರುಚಿ ಪುಸ್ತಕದಲ್ಲಿ ಮಾಡುವ ಹಾಗೇ ನಿಧಾನವಾಗಿ ಸಹಿ ಮಾಡಿದೆ. ಕೈ ಅಭ್ಯಾಸಕ್ಕೆ "ಚೆನ್ನಾಗಿದೆ" ಎಂದು ಬರೆಯಲು ಹೊರಟಿತ್ತು.

ಚಿಕಿತ್ಸಾ ಕೇಂದ್ರ ಇದ್ದದ್ದು ಸೊರಬದಿಂದ ಚಂದ್ರಗುತ್ತಿಗೆ ಹೋಗುವ ರಸ್ತೆಯಲ್ಲಿ. ಗಾಡಿಯಲ್ಲಿ ನರ್ಸ್ ಜೊತೆ ನಾನು ಕೂತಿದ್ದೆ. ಅವನು ಮಲಗಿದ್ದ. ಹೊರಗೆ ಮೆಕ್ಕೆಜೋಳದ ಹೊಲಗಳು ಮುಗಿದು ಮರಗಳು ಹತ್ತಿರವಾದವು. ಸೊರಬ ದಾಟಿದ ಮೇಲೆ ಚಂದ್ರಗುತ್ತಿಯ ಬೆಟ್ಟ ಕಾಣಿಸಿತು. ಬುಡವೆಲ್ಲ ಮಂಜಿನಲ್ಲಿ ಅಳಿಸಿಹೋಗಿ ತಲೆ ಮಾತ್ರ ಆಕಾಶದಲ್ಲಿ ತೇಲುತ್ತಿತ್ತು. ರಸ್ತೆ ತಿರುಗಿದಂತೆ ಎಡಕ್ಕೆ ಬರುತ್ತಿತ್ತು, ಬಲಕ್ಕೆ ಹೋಗುತ್ತಿತ್ತು. ಆಣೆ ಮುರಿದ ಮಗನನ್ನು ದೇವಿಯೇ ಇಣುಕಿ ನೋಡುತ್ತಿದ್ದಾಳೆ ಅನ್ನಿಸಿತು. ಸಿಟ್ಟಿನಿಂದಲ್ಲ, ಯಾರದು ಎಂದು ತಿಳಿಯಲು.

ಮೊದಲ ವಾರ ಯಾರೂ ನೋಡುವಂತಿರಲಿಲ್ಲ. ಆಮೇಲೆ ಭಾನುವಾರ ಒಂದು ಗಂಟೆ, ಮನೆಯ ಊಟ ತರಬಹುದು. ಎರಡು ಬಸ್ಸು ಬದಲಿಸಿ ಹೋದೆ. ಮೊದಲ ಭಾನುವಾರ ಅವನು ಹೊರಗೆ ಬರಲಿಲ್ಲ. ಡಬ್ಬಿ ಮಡಿಲಲ್ಲಿಟ್ಟುಕೊಂಡು ಗಂಟೆ ಮುಗಿಯುವವರೆಗೆ ಕೂತು ಬಂದೆ. ಅಲ್ಲಿಯ ನರ್ಸ್ ಸೊರಬದ ಕಡೆಯವಳು, ನನ್ನ ಪಕ್ಕ ಕೂತು, "ಅಮ್ಮ, ನಿಮ್ ಮಗ ಮಂಡಳಿಗೆ ಕಾಗ್ದ ಬರ್ದಾರೆ. ತಾಯಿ ವಿಷ ಹಾಕಿದ್ಲು, ಈಗ ಸೈನ್ ಮಾಡಿ ಕೂಡಿಹಾಕಿದ್ಲು ಅಂತ. ನಾವು ಕಳ್ಸಲೇಬೇಕು, ಬೇಜಾರ್ ಮಾಡ್ಕಬೇಡಿ" ಎಂದಳು.

"ಕಳಿಸ್ರಿ" ಎಂದೆ. ಮಂಡಳಿಯವರು ಕೇಳಿದಾಗ ಪುಡಿಯ ಮಾತೂ ನಿಜ, ಸಹಿಯ ಮಾತೂ ನಿಜ ಎಂದು ಒಪ್ಪಿಕೊಂಡೆ. ಅವರು ಡಾಕ್ಟರುಗಳ ಕಾಗದ ನೋಡಿ, ಮೂವತ್ತು ದಿನ ಇರಲಿ ಎಂದರು.

ಎರಡನೆಯ ಭಾನುವಾರ ಬಂದು ಎದುರಿಗೆ ಕೂತ. ಮುಖ ತಿಳಿಯಾಗಿತ್ತು. ಡಬ್ಬಿ ಬಿಚ್ಚಿದೆ, ಅನ್ನ ಮತ್ತು ಹುರುಳಿ ಸಾರು. ಬೇಕೆಂದೇ ಅದನ್ನು ಮಾಡಿದ್ದೆ. ಅವನು ಮುಖ ತಿರುಗಿಸಿದ. ನಾನು ಅಂಗೈಗೆ ಸಾರು ಸುರಿದುಕೊಂಡು ಕುಡಿದೆ, ಒಂದು ತುತ್ತು ಅನ್ನ ಉಂಡೆ.

"ಬಾಯಿ ತಗಿ" ಎಂದ.

ತೆರೆದು ತೋರಿಸಿದೆ. ಐವತ್ತು ದಾಟಿದ ಹೆಂಗಸು, ಮಗನ ಎದುರು ಮಗುವಿನಂತೆ. ನಾಚಿಕೆಯಾಗಲಿಲ್ಲ. ಅವನು ಗೋಡೆಯ ಗಡಿಯಾರ ನೋಡಿದ. ಅರ್ಧ ಗಂಟೆ ಇಬ್ಬರೂ ಕೂತು ಕಾದೆವು. ಕಿಟಕಿಯಲ್ಲಿ ಬೆಟ್ಟ ಇತ್ತು, ಅವತ್ತು ಮಂಜಿರಲಿಲ್ಲ, ಬುಡ ನೆಲಕ್ಕೆ ಕೂತಿತ್ತು. ಅರ್ಧ ಗಂಟೆ ಮುಗಿದ ಮೇಲೆ ಡಬ್ಬಿ ತನ್ನ ಕಡೆಗೆ ಎಳೆದುಕೊಂಡ.

ಮೂವತ್ತನೆಯ ದಿನ ನನ್ನ ಸಹಿಯ ಬಲ ಮುಗಿಯಿತು. ಅಂಗಿ ಪಂಚೆ ತೆಗೆದುಕೊಂಡು ಹೋಗಿದ್ದೆ, ಹೊರಡುತ್ತೇನೆ ಎಂದರೆ ತಡೆಯುವ ಹಕ್ಕು ಯಾರಿಗೂ ಇರಲಿಲ್ಲ. ಡಾಕ್ಟರು ಅವನನ್ನೇ ಕೇಳಿದರು. ಅವನು ಬಹಳ ಹೊತ್ತು ತನ್ನ ಕೈ ನೋಡಿಕೊಂಡ. ಬೆರಳು ಚಾಚಿ ಹಿಡಿದ. ನಡುಗಲಿಲ್ಲ. "ಇನ್ನೊಂದು ತಿಂಗಳು ಇರ್ತೀನಿ. ಆದ್ರೆ ಈ ಸಲ ಸೈ ನಂದು" ಎಂದ.

ಅಲ್ಲಿಗೆ ಎಲ್ಲ ಮುಗಿಯಲಿಲ್ಲ. ಮನೆಗೆ ಬಂದ ಮೇಲೆ ಒಂದು ಯುಗಾದಿಗೆ ಮತ್ತೆ ಕುಡಿದ, ತಾನೇ ಬಸ್ಸು ಹತ್ತಿ ಹೋಗಿ ಸೇರಿಕೊಂಡ. ಆಮೇಲೆ ಒಂದು ವರ್ಷ ಡಾಕ್ಟರಮ್ಮ ಕೊಟ್ಟ ಮಾತ್ರೆಯನ್ನು ಬೆಳಿಗ್ಗೆ ನನ್ನ ಎದುರು ನಿಂತು, "ನೋಡವ್ವ" ಎಂದು ನುಂಗುತ್ತಿದ್ದ. ನಾನು ಕದ್ದು ಕಲಸಿದ್ದ ಮಾತ್ರೆಯೇ ಅದು. ಸಾಬರ ಅಂಗಡಿಯಲ್ಲಿ ಅವನ ಜಾಗ ಹಾಗೇ ಇತ್ತು. ಕುಡಿತ ಬಿಟ್ಟವರಿಗೆ ಪ್ರತಿದಿನವೂ ಮೊದಲ ದಿನವಂತೆ, ಅವನೇ ಹೇಳುತ್ತಾನೆ. ನೀವೂ ತಿಳಿದಿರಿ.

ಆದರೆ ನೀವು ಕೇಳಿದ ಪ್ರಶ್ನೆಗೆ ಉತ್ತರ ಇರುವುದು ಆ ಎರಡನೆಯ ತಿಂಗಳ ಒಂದು ಭಾನುವಾರದಲ್ಲಿ. ಕೇಂದ್ರದಲ್ಲಿ ಅಡುಗೆ ಸರದಿಯ ಮೇಲೆ ಇತ್ತು, ಅವತ್ತು ಅವನದು. ನಾನು ಡಬ್ಬಿ ಬಿಚ್ಚುವ ಮೊದಲೇ ಒಳಗಿನಿಂದ ಒಂದು ತಟ್ಟೆ ತಂದ. ಬಿಸಿ ಅನ್ನ, ತೊಗರಿಬೇಳೆ ಸಾರು. ಹಬೆ ಏಳುತ್ತಿತ್ತು. ಅದರ ಆಚೆ ಅವನ ಮುಖ, ಈ ಸಲ ಕರಗದೆ ಇತ್ತು. ತಟ್ಟೆ ನನ್ನ ಮುಂದಿಡುವ ಮೊದಲು ಸಾರನ್ನು ಚಮಚದಲ್ಲಿ ಅಂಗೈಗೆ ಹಾಕಿಕೊಂಡು ಕುಡಿದ. ಬಾಯಿ ತೆರೆದು ನನಗೆ ತೋರಿಸಿದ. ನಾನು ಏನೂ ಕೇಳಿರಲಿಲ್ಲ.

ಇಬ್ಬರೂ ಗಡಿಯಾರ ನೋಡುತ್ತಾ ಕೂತೆವು. ಅನ್ನ ಆರಿತು. ಅರ್ಧ ಗಂಟೆಯಾದ ಮೇಲೆ ಉಂಡೆ.

"ಹೆಂಗೈತಿ?" ಎಂದ.

"ಉಪ್ಪು ಜಾಸ್ತಿ ಆಗೇತಿ" ಎಂದೆ.

ಅವನು ನಕ್ಕ. "ಹೌದವ್ವ, ನಂಗೂ ಗೊತ್ತಾತು" ಎಂದ.